ಮತ ಬದಲಾಯಿಸಿದ ಮೇಲೂ ಬಿಡಲಿಲ್ಲ

ಸ್ಪೇನಿನ ಯೆಹೂದಿಗಳ ಮಾತು ಬಂದಾಗ 'ಮತಾಂತರ ಆದವರಾದರೂ ಬದುಕಿಕೊಂಡರಲ್ಲ' ಅನ್ನುವವರಿದ್ದಾರೆ. ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಮುಂದೇನಾಯಿತು ಅಂತಲೂ ನೋಡಬೇಕಲ್ವಾ?

ಸೆವಿಲ್ಲೆಯಲ್ಲಿ ಫೆರಾಂಡ್ ಮಾರ್ಟಿನೆಝ್ ಎಂಬ ಪಾದ್ರಿ ವರ್ಷಗಟ್ಟಲೆ ಯೆಹೂದಿಗಳ ಮೇಲೆ ಜನರನ್ನು ಎತ್ತಿಕಟ್ಟುತ್ತಿದ್ದ. ರಾಜ ಎಚ್ಚರಿಸಿದ್ದ, ಆರ್ಚ್‌ಬಿಷಪ್ ಕೂಡ ತಡೆದಿದ್ದರು. 1390ರಲ್ಲಿ ಇಬ್ಬರೂ ತೀರಿಕೊಂಡರು. ಪಟ್ಟಕ್ಕೆ ಬಂದವನು 11 ವರ್ಷದ ಹುಡುಗ. ಇನ್ನು ಹೇಳುವವರು ಕೇಳುವವರು ಯಾರು? 1391ರ ಜೂನ್ 6ರಂದು ಗುಂಪು ಯೆಹೂದಿ ಕೇರಿಗೆ ನುಗ್ಗಿತು. ಕೊಂದರು, ದೋಚಿದರು. ಉಳಿದವರಿಗೆ ಕ್ರೈಸ್ತ ದೀಕ್ಷಾಸ್ನಾನ, ಇಲ್ಲವೇ ಸಾವು. ಆ ಬೇಸಿಗೆಯಲ್ಲೇ ಕಾರ್ಡೋಬಾ, ಟೊಲೆಡೊ, ವೆಲೆನ್ಸಿಯಾ, ಬಾರ್ಸಿಲೋನಾಗಳಿಗೂ ಬೆಂಕಿ ಹಬ್ಬಿತು. ದೊಡ್ಡ ವಿದ್ವಾಂಸ ಹಸ್ದಾಯಿ ಕ್ರೆಸ್ಕಸ್‌ನ ಒಬ್ಬನೇ ಮಗ ಬಾರ್ಸಿಲೋನಾದಲ್ಲಿ ಸತ್ತ.

ಬಲವಂತದ ಮತಾಂತರ ಕೂಡದು ಎಂದು 633ರಲ್ಲಿ ಟೊಲೆಡೊದಲ್ಲಿ ಸೇರಿದ ಬಿಷಪ್‌ಗಳ ಧರ್ಮಸಭೆಯೇ ಹೇಳಿತ್ತು. ಆದರೆ ಈಗಾಗಲೇ ಬಲವಂತಕ್ಕೆ ಒಳಗಾದವರು ಕ್ರೈಸ್ತರಾಗಿಯೇ ಉಳಿಯಬೇಕು ಎಂದೂ ಸೇರಿಸಿತ್ತು. ನನಗೆ ಅತಿ ಕ್ರೂರ ಅನಿಸುವುದು ಇದೇ. ಕುತ್ತಿಗೆಗೆ ಕತ್ತಿ ಹಿಡಿದು ಹೇಳಿಸಿದ 'ಹೂಂ' ಕೂಡ ಒಪ್ಪಿಗೆ ಆಗಿಬಿಟ್ಟಿತು. ಮಕ್ಕಳು ಮರಿಮಕ್ಕಳಿಗೂ ಅದೇ ಬಂಧನ.

ಒಪ್ಪಿದ್ದಕ್ಕೆ ನೆಮ್ಮದಿ ಸಿಕ್ಕಿತಾ? 1449ರಲ್ಲಿ ಟೊಲೆಡೊದಲ್ಲಿ ದಂಗೆಯೆದ್ದವರು, ಯೆಹೂದಿ ಮೂಲದ ಕ್ರೈಸ್ತರಿಗೆ ಊರಿನ ಅಧಿಕಾರದ ಹುದ್ದೆ ಇಲ್ಲ ಎಂದು ನಿಯಮ ಮಾಡಿದರು. ಮತವನ್ನು ಬದಲಾಯಿಸಬಹುದು, ರಕ್ತವನ್ನು ಏನು ಮಾಡುವುದು? ಪೋಪ್ ಖಂಡಿಸಿದರೂ ಆ ಯೋಚನೆ ಸಾಯಲಿಲ್ಲ. 1480ರಲ್ಲಿ ಸೆವಿಲ್ಲೆಗೆ ಇನ್‌ಕ್ವಿಸಿಷನ್, ಅಂದರೆ ಕ್ರೈಸ್ತ ಮತಕ್ಕೆ ತಪ್ಪಿ ನಡೆದವರನ್ನು ಹುಡುಕಿ ಶಿಕ್ಷಿಸುವ ನ್ಯಾಯಸ್ಥಾನ, ಬಂತು. ಅದರ ಕೈ ಚಾಚಿದ್ದೇ ದೀಕ್ಷೆ ಪಡೆದವರ ಮೇಲೆ. ಯೆಹೂದಿಗಳ ಪವಿತ್ರ ದಿನವಾದ ಶನಿವಾರ ಮಡಿ ಬಟ್ಟೆ ಉಟ್ಟರೆ, ಗುಟ್ಟಾಗಿ ಇನ್ನೂ ಯೆಹೂದಿಯೇ ಎಂಬ ಅನುಮಾನ. ಯೆಹೂದಿಗಳಂತೆ ಹಂದಿ ಕೊಬ್ಬು ಬಿಟ್ಟು ಎಣ್ಣೆಯಲ್ಲಿ ಅಡುಗೆ ಮಾಡಿದರೆ ಅನುಮಾನ. ಅಕ್ಕಪಕ್ಕದವರೇ ಹೋಗಿ ದೂರು ಕೊಡಬೇಕಿತ್ತು. ಮರುವರ್ಷವೇ ಜನರನ್ನು ಜೀವಂತ ಸುಡಲು ಶುರುಮಾಡಿದರು.

ಮತಾಂತರ ಆದವರನ್ನು ಹೇಡಿಗಳು ಅಂತ ನಾನಂತೂ ಕರೆಯಲಾರೆ. ಹೆಂಡತಿ ಮಕ್ಕಳನ್ನು ಪಕ್ಕದಲ್ಲಿಟ್ಟುಕೊಂಡು ನಿಂತವರು ಅವರು.

ಇದು ನಮಗೆ ದೂರದ ಕಥೆಯೂ ಅಲ್ಲ. ಮತ ಬಿಡದೆ 1492ರಲ್ಲಿ ಸ್ಪೇನಿನಿಂದ ಗಡಿಪಾರಾಗಿ ಪೋರ್ಚುಗಲ್ ಸೇರಿದ ಯೆಹೂದಿಗಳಿಗೆ 1497ರಲ್ಲಿ ಅಲ್ಲೂ ಬಲವಂತದ ದೀಕ್ಷೆ ಆಯಿತು. ಅಂಥ ಮನೆಯ ಮಗ, ವೈದ್ಯ ಗಾರ್ಸಿಯಾ ದ ಓರ್ಟಾ, ಗೋವಾಕ್ಕೆ ಬಂದು ನಮ್ಮ ಔಷಧಿ ಗಿಡಗಳ ಬಗ್ಗೆ 1563ರಲ್ಲಿ ಪುಸ್ತಕ ಅಚ್ಚು ಹಾಕಿಸಿದ. ಅವನು ಸತ್ತ ಮರುವರ್ಷ, 1569ರಲ್ಲಿ, ಗೋವಾದ ಇನ್‌ಕ್ವಿಸಿಷನ್ ಅವನ ತಂಗಿ ಕ್ಯಾಟರೀನಾಳನ್ನು ಸುಟ್ಟಿತು. 1580ರಲ್ಲಿ ಅವನ ಮೂಳೆಗಳನ್ನೂ ಅಗೆದು ತೆಗೆದು ಸುಟ್ಟರು. ಅದೇ ನ್ಯಾಯಸ್ಥಾನ ಆಮೇಲೆ ಗೋವಾದ ಹೊಸ ಕ್ರೈಸ್ತರನ್ನೂ ಹಿಂದೂಗಳನ್ನೂ ಹಿಂಸಿಸಿತು. ನಮ್ಮ ಕರಾವಳಿಯ ಎಷ್ಟೋ ಕೊಂಕಣಿ ಮನೆತನಗಳು ಗೋವಾ ಬಿಟ್ಟು ಬಂದ ಕಥೆಯನ್ನು ಇಂದಿಗೂ ಹೇಳುತ್ತವೆ. ಗೋವಾದ ಆ ನ್ಯಾಯಸ್ಥಾನ ಪೂರ್ತಿ ಬಾಗಿಲು ಮುಚ್ಚಿದ್ದು 1812ರಲ್ಲಿ.