ಹದಿನಾಲ್ಕು ಹೆಜ್ಜೆ ದೂರದ ಜಿಂಕೆ

ಜಿಂಕೆ ಹೊಡೆದೆ ಎಂದು ಫೋನಿನಲ್ಲಿ ಹೇಳಿದಾಗ ಅಮ್ಮ ಬೈಯಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದರ ಜೊತೆ ಮರಿ ಇತ್ತೇನೋ?" ಎಂದು ಕೇಳಿದಳು.

ಇತ್ತು. ಎಡಗಿವಿಯ ತುದಿ ಸೀಳಿದ್ದ, ಆ ವರ್ಷವೇ ಹುಟ್ಟಿದ ಮರಿ. ಮೈಮೇಲಿನ ಚುಕ್ಕೆಗಳು ಮಾಸಿದ್ದವು, ತಾಯಿಯ ಹಾಲು ಬಿಟ್ಟಾಗಿತ್ತು. ಒಂಟಿಯಾಗಿ ಬದುಕುವ ವಯಸ್ಸು ಅದಕ್ಕೆ ಬಂದಿದೆ ಎಂದು ತಿಳಿದೇ ಬಾಣ ಬಿಟ್ಟಿದ್ದೆ. ಅಮ್ಮನಿಗೂ ಅದನ್ನೇ ಹೇಳಿದೆ. ಹೇಳಿದ್ದು ನಿಜವೇ, ಆದರೆ ದನಿ ತಾನಾಗಿ ತಗ್ಗಿತ್ತು.

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ದಕ್ಷಿಣ ಭಾಗದಲ್ಲಿ ನೆಲೆಸಿ ಹನ್ನೊಂದು ವರ್ಷವಾಯಿತು. ಇಲ್ಲಿಯ ಗೆಳೆಯರು ಯಾರೂ ಮರಿಯ ಬಗ್ಗೆ ಕೇಳಲಿಲ್ಲ. "ಎಷ್ಟು ದೂರದಿಂದ?" ಎಂದರು. ಅದು ಬಡಾಯಿ ಅಳೆಯುವ ಪ್ರಶ್ನೆ ಎಂದು ಮೊದಲೆಲ್ಲ ತಿಳಿದಿದ್ದೆ. ನನ್ನದು ಗಾಲಿಗಳಿಲ್ಲದ, ಗುರಿಕಡ್ಡಿಯಿಲ್ಲದ ಮರದ ಬಿಲ್ಲು, ಎಳೆತದ ಭಾರ ನಲವತ್ತೈದು ಪೌಂಡ್. ತುದಿಗಳಲ್ಲಿ ಗಾಲಿಗಳಿರುವ ಈಗಿನ ಕಾಲದ ಗಾಲಿಬಿಲ್ಲನ್ನು ಪೂರ್ತಿ ಎಳೆದ ಮೇಲೆ ಭಾರದ ಬಹುಪಾಲು ಇಳಿದುಹೋಗುತ್ತದೆ. ಮರದ ಬಿಲ್ಲಿನಲ್ಲಿ ಇಡೀ ಭಾರವನ್ನು ಮೂರು ಬೆರಳುಗಳೇ ಹೊರಬೇಕು. ಹೆದೆ ತುಟಿಯಂಚಿಗೆ ಬಂದ ಕ್ಷಣದಲ್ಲಿ ಕೈ ನಡುಗಿದರೆ ಅಲ್ಲಿಗೆ ಮುಗಿಯಿತು.

ನನಗೆ ಬಿಲ್ಲು ಹಿಡಿಯುವುದನ್ನು ಕಲಿಸಿದವರು ಪಕ್ಕದ ಮನೆಯ ಹಿರಿಯರು, ನಿವೃತ್ತ ಬಡಗಿ. ಹತ್ತು ಬಾಣಗಳಲ್ಲಿ ಹತ್ತೂ ಊಟದ ತಟ್ಟೆಯಷ್ಟು ಜಾಗದಲ್ಲಿ ಬೀಳುವ ದೂರವೇ ನಿನ್ನ ದೂರ, ಒಂಬತ್ತು ಬಿದ್ದರೆ ಅದು ನಿನ್ನದಲ್ಲ ಎನ್ನುತ್ತಿದ್ದರು. ನನ್ನ ದೂರ ಹದಿನೈದು ಹೆಜ್ಜೆಗೆ ನಿಂತಿತು. ಬಾಣ ಸೆಕೆಂಡಿಗೆ ಸುಮಾರು 170 ಅಡಿ ಹಾರುತ್ತದೆ, ಸದ್ದು 1,100 ಅಡಿಗೂ ಹೆಚ್ಚು. ಹೆದೆಯ ಮಿಡಿತ ಮೊದಲು ಮುಟ್ಟುವುದು ಜಿಂಕೆಯ ಕಿವಿಯನ್ನು. ದೂರ ಹೆಚ್ಚಾದರೆ, ಅದು ನೆಗೆಯಲು ಮೈ ಕುಗ್ಗಿಸುವಷ್ಟರಲ್ಲಿ ಎದೆಗೆ ಹೊರಟ ಬಾಣ ಬೆನ್ನಿಗೆ ತಗಲುತ್ತದೆ. ಅಲಗು ಕೊಲ್ಲುವುದು ಪೆಟ್ಟಿನಿಂದಲ್ಲ, ಕೊಯ್ತದಿಂದ. ಶ್ವಾಸಕೋಶಕ್ಕೆ ತಾಕಿದರೆ ಪ್ರಾಣಿ ನಿಮಿಷದೊಳಗೆ ಕುಸಿಯುತ್ತದೆ, ಹೊಟ್ಟೆಗೆ ತಾಕಿದರೆ ಗಂಟೆಗಟ್ಟಲೆ ನರಳುತ್ತದೆ. ಇದೆಲ್ಲ ಗೊತ್ತಾದ ಮೇಲೆ "ಎಷ್ಟು ದೂರದಿಂದ?" ಎಂಬುದು ಅಮ್ಮನ ಪ್ರಶ್ನೆಗೆ ಬಹಳ ಹತ್ತಿರದ್ದು ಎನಿಸಿತು. ಎರಡು ಋತು ಇಪ್ಪತ್ತೈದು, ಮೂವತ್ತು ಹೆಜ್ಜೆಯಲ್ಲಿ ಹಾದುಹೋದ ಜಿಂಕೆಗಳನ್ನು ನೋಡುತ್ತ ಕುಳಿತೆ. ಹೆದೆ ಎಳೆಯಲಿಲ್ಲ.

ಮೂರನೆಯ ವರ್ಷ, ಅಕ್ಟೋಬರ್ ಕೊನೆಯ ವಾರ. ಉರುಳಿದ ಓಕ್ ಮರದ ಮರೆಯಲ್ಲಿ ನೆಲಕ್ಕೆ ಕುಳಿತಿದ್ದೆ, ಗಾಳಿ ಮುಖಕ್ಕೆ ಬೀಸುತ್ತಿತ್ತು. ತಾಯಿ ಮುಂದೆ, ಮರಿ ಹಿಂದೆ. ತಾಯಿಯ ತಲೆ ಕಾಂಡವೊಂದರ ಹಿಂದಕ್ಕೆ ಹೋದಾಗ ಎಳೆದೆ, ಭುಜ ಹೊರಬಂದಾಗ ಬಿಟ್ಟೆ. ಹದಿನಾಲ್ಕು ಹೆಜ್ಜೆ. ತರಗೆಲೆಗಳ ಮೇಲೆ ಓಟದ ಸದ್ದು, ಆಮೇಲೆ ಏನೂ ಇಲ್ಲ. ಅರ್ಧ ಗಂಟೆ ಜಾಗ ಬಿಟ್ಟು ಏಳಬಾರದು ಎಂದು ಹಿರಿಯರು ಹೇಳಿದ್ದರು. ನನ್ನ ಬದುಕಿನಲ್ಲಿ ಅಷ್ಟು ಉದ್ದದ ಅರ್ಧ ಗಂಟೆ ಇನ್ನೊಂದಿಲ್ಲ. ಬಾಣ ಸಿಕ್ಕಿತು, ಗರಿಗೆ ಗುಲಾಬಿ ಬಣ್ಣದ ನೊರೆನೆತ್ತರು ಅಂಟಿತ್ತು. ಶ್ವಾಸಕೋಶದ್ದು. ಹನಿ ಹನಿಯಾಗಿ ಜಾಡು ಹಿಡಿದು ಎಪ್ಪತ್ತು ಹೆಜ್ಜೆ ನಡೆದೆ. ಅಲ್ಲಿ ಮಲಗಿತ್ತು. ಕುತ್ತಿಗೆ ಮುಟ್ಟಿದೆ, ಇನ್ನೂ ಬಿಸಿ. ಅತ್ತುಬಿಟ್ಟೆ. ಫೋನು ಮಾಡಿದ ಮೇಲೆ ಬಂದ ಹಿರಿಯರು ಟೋಪಿ ತೆಗೆದು ನಿಂತರು, ಆಮೇಲೆ ಚಾಕು ಕೊಟ್ಟರು.

ಇದನ್ನು ಕೇಳಿದ ಊರಿನ ಬಂಧುಗಳಲ್ಲಿ ಕೆಲವರು ಪಾಪ ಎಂದರು. ಇನ್ನು ಕೆಲವರು, ಅದೂ ಹುಮ್ಮಸ್ಸಿನಿಂದ, ನಮ್ಮಲ್ಲೂ ಬಿಲ್ಲುಬೇಟೆಗೆ ಅನುಮತಿ ಕೊಡಬೇಕು ಎಂದರು. ಇಬ್ಬರ ಮಾತನ್ನೂ ನಾನು ಒಪ್ಪುವುದಿಲ್ಲ. ನಾಡಿನಲ್ಲಿ 1972ರ ವನ್ಯಜೀವಿ ಕಾಯ್ದೆ, 1991ರ ತಿದ್ದುಪಡಿಯಿಂದ ಇನ್ನಷ್ಟು ಬಿಗಿಯಾದ ಬೇಟೆ ನಿಷೇಧ, ಎರಡೂ ಸರಿ. ಬಂಡೀಪುರ, ನಾಗರಹೊಳೆಯ ಜಿಂಕೆಗೆ ಹಕ್ಕುದಾರರಿದ್ದಾರೆ: ಹುಲಿ, ಚಿರತೆ, ಸೀಳುನಾಯಿ. ಮನುಷ್ಯ ತಂದದ್ದು ಅವುಗಳ ಬಾಯಿಂದ ಕಿತ್ತುಕೊಂಡದ್ದು. ನಾನಿರುವ ಜೋಳದ ಹೊಲಗಳ ಸೀಮೆಯಲ್ಲಿ ತೋಳಗಳು ಎಂದೋ ಅಳಿದವು. 1900ರ ಹೊತ್ತಿಗೆ ಇಡೀ ಅಮೆರಿಕದಲ್ಲಿ ಕೆಲವು ಲಕ್ಷಕ್ಕೆ ಇಳಿದಿದ್ದ ಬಿಳಿಬಾಲದ ಜಿಂಕೆ ಈಗ ಸುಮಾರು ಮೂರು ಕೋಟಿ. ಕಾಡಿನ ಎಳೆಸಸಿಗಳನ್ನು ಅವು ತಲೆಯೆತ್ತಲು ಬಿಡುತ್ತಿಲ್ಲ. ನಮ್ಮ ಕಾಯ್ದೆ ಬಂದ ಅದೇ 1972ರಲ್ಲಿ ಇಲ್ಲಿ ಬಿಲ್ಲುಬಾಣಗಳ ಮೇಲೂ ಶೇಕಡಾ 11ರ ತೆರಿಗೆ ಹಾಕಿ, ಆ ಹಣವನ್ನು ವನ್ಯಜೀವಿಗಳಿಗೇ ಮೀಸಲಿಡುವ ಕಾನೂನು ಆಯಿತು. ಹೊಡೆದದ್ದನ್ನು ಮರುದಿನ ಸಂಜೆ ಐದರೊಳಗೆ ನೋಂದಾಯಿಸಬೇಕು. ಮಾಂಸವನ್ನು ಮಾರುವಂತಿಲ್ಲ. ಈ ಕೊನೆಯ ನಿಯಮಕ್ಕೆ ನಾನು ಕೈಮುಗಿಯುತ್ತೇನೆ.

ಇಲ್ಲಿಯದೆಲ್ಲ ಚೆನ್ನ ಎನ್ನುತ್ತಿಲ್ಲ. ಸತ್ತ ಪ್ರಾಣಿಯ ಕೊಂಬಿಗೆ ಟೇಪು ಹಿಡಿದು ಅಂಕ ಕೊಡುವುದು ನನಗೆ ಸಹಿಸದು. ಹಾಗೆಯೇ ಮಲೆನಾಡಿನ ತೋಟದ ಬೇಲಿಗಳಲ್ಲಿ ತಂತಿಯ ಉರುಳು ಇಟ್ಟು ಮನೆಗೆ ಹೋಗಿ ಮಲಗುವುದೂ. ಉರುಳು ಹಂದಿಗೆ ಬಿತ್ತೋ, ಚಿರತೆಗೆ ಬಿತ್ತೋ, ರಾತ್ರಿಯಿಡೀ ಒದ್ದಾಡಿತೋ, ಇಟ್ಟವನು ನೋಡುವುದಿಲ್ಲ.

ಬೇಟೆಯ ಸಾವನ್ನು ಕಣ್ಣಿಟ್ಟು ನೋಡಿ ಲೆಕ್ಕಕ್ಕೆ ಇಡುವುದು ಕನ್ನಡಿಗರಿಗೆ ಹೊಸದಲ್ಲ. ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ, ಕಾಲ ಸುಮಾರು ಕ್ರಿ.ಶ. 949. ಗಂಗ ದೊರೆ ಬೂತುಗನ ವೀರ ಮಣಲೇರನ ಬೇಟೆನಾಯಿ ಕಾಳಿ ಹಂದಿಯೊಡನೆ ಹೋರಾಡಿ ಸತ್ತ ನೆನಪಿಗೆ ನಿಲ್ಲಿಸಿದ ಕಲ್ಲು. ಆ ಕಾಳಗದಲ್ಲಿ ಹಂದಿಯೂ ಸತ್ತಿತು. ಕೆತ್ತಿದವನು ನಾಯಿಯೊಂದನ್ನೇ ಕೆತ್ತಲಿಲ್ಲ; ಎದುರಿಗೆ ಹಂದಿಯೂ ಇದೆ. ಕಳೆದ ಸಲ ಊರಿಗೆ ಬಂದಾಗ ಅದರ ಮುಂದೆ ಬಹಳ ಹೊತ್ತು ನಿಂತಿದ್ದೆ.

ಜಿಂಕೆ ಹೊಡೆದ ಮರುವಾರ ಅದೇ ಓಕ್ ಮರದ ಬಳಿ ಬಿಲ್ಲಿಲ್ಲದೆ ಹೋಗಿ ಕುಳಿತೆ. ಎರಡನೆಯ ದಿನ, ಬೆಳಕು ಹರಿಯುವಾಗ, ಬೇರೆ ಎರಡು ಹೆಣ್ಣುಜಿಂಕೆಗಳ ಹಿಂದೆ ಎಡಗಿವಿ ಸೀಳಿದ ಮರಿ ಬಂತು. ಓಕ್ ಕಾಯಿ ಹೆಕ್ಕಿ ತಿನ್ನುತ್ತಿತ್ತು. ಮನೆಗೆ ಬಂದವನೇ ಅಮ್ಮನಿಗೆ ಫೋನು ಮಾಡಿದೆ.