ಸತ್ಯಾಂಶ: ವೈರ್‌ಗೆ ಅಯಸ್ಕಾಂತ ಅಂಟಿಸಿದರೆ ಕರೆಂಟ್ ಉಳಿಯುತ್ತದೆಯೇ?

‘ವೈರ್‌ಗೆ ಅಯಸ್ಕಾಂತ ಅಂಟಿಸಿ, ರೋಧ (ಕರೆಂಟ್ ಹರಿಯಲು ಇರುವ ಅಡ್ಡಿ) ಇಳಿದು ಕರೆಂಟ್ ಉಳಿಯುತ್ತದೆ’ ಎಂಬ ಮೆಸೇಜ್ ಓಡಾಡುತ್ತಿದೆ. ಇದು ನಿಜವಲ್ಲ.

ಅಯಸ್ಕಾಂತಕ್ಕೂ ರೋಧಕ್ಕೂ ನಂಟಿರುವುದು ಹೌದು. 1856ರಲ್ಲೇ ವಿಜ್ಞಾನಿ ವಿಲಿಯಂ ಥಾಮ್ಸನ್ ಕಬ್ಬಿಣ, ನಿಕ್ಕಲ್‌ನಲ್ಲಿ ಅದನ್ನು ಕಂಡಿದ್ದರು. ಆದರೆ ವೈರ್‌ನ ತಾಮ್ರದ ಒಳಗೆ ನೋಡಿ. ಓಡುವ ಎಲೆಕ್ಟ್ರಾನಿನ ದಾರಿಯನ್ನು ಕಾಂತಕ್ಷೇತ್ರ ಬಾಗಿಸುತ್ತದೆ. ತುಸು ಬಾಗುವಷ್ಟರಲ್ಲೇ, ನಡುಗುತ್ತಿರುವ ಪರಮಾಣುಗಳಿಂದಾಗಿ ಎಲೆಕ್ಟ್ರಾನ್ ಬೇರೆ ದಿಕ್ಕಿಗೆ ಚದುರುತ್ತದೆ. ಹಾಗಾಗಿ ರೋಧ ಇಳಿಯುವುದಿಲ್ಲ, ಕೂದಲೆಳೆಯಷ್ಟು ಜಾಸ್ತಿಯಾಗುತ್ತದೆ ಅಷ್ಟೇ. ಸುಮ್ನೆ ಅಯಸ್ಕಾಂತ ಕಟ್ಟಿ ಫಲವಿಲ್ಲ.

ರೋಧ ಚೆನ್ನಾಗಿ ಇಳಿಯುವುದು ಬೇರೆ ಕಡೆ. ಕೆಲವೇ ಪರಮಾಣು ದಪ್ಪದ ಕಬ್ಬಿಣ, ಕ್ರೋಮಿಯಂ ಪದರಗಳನ್ನು ಒಂದರ ಮೇಲೊಂದು ಜೋಡಿಸಬೇಕು. ಕಬ್ಬಿಣದ ಪದರಗಳ ಕಾಂತದಿಕ್ಕು ಒಂದೇ ಕಡೆ ತಿರುಗಿದಾಗ ಎಲೆಕ್ಟ್ರಾನ್‌ಗಳಿಗೆ ದಾರಿ ಸಲೀಸು. ಎಷ್ಟು ಚೆಂದ, ಅಲ್ವಾ! 1988ರ ಈ ಶೋಧಕ್ಕೆ ಆಲ್ಬರ್ಟ್ ಫೆರ್ಟ್, ಪೀಟರ್ ಗ್ರ್ಯೂನ್‌ಬರ್ಗ್ 2007ರ ನೊಬೆಲ್ ಪಡೆದರು. ಹಾರ್ಡ್‌ಡಿಸ್ಕ್‌ನಲ್ಲಿರುವ ಮಾಹಿತಿ ಓದುವ ಸೂಕ್ಷ್ಮ ತಲೆಗಳು (ಹೆಡ್) ಇದರಿಂದಲೇ ಬಂದವು.