ಠೇವಣಿ ಇಟ್ಟ ಕೋವಿ ವಾಪಸ್ ಸಿಗುತ್ತದೆ: ಒಂದು ಸ್ಪಷ್ಟನೆ

ಕಾರ್ಕಳ, ಹೆಬ್ರಿ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ಓಡಾಡುತ್ತಿದೆ. 'ಚುನಾವಣೆಗೆ ಸ್ಟೇಷನ್ನಿನಲ್ಲಿ ಇಟ್ಟ ಕೋವಿ ಇನ್ನು ಸರಕಾರದ್ದು. ಯಾರೂ ಕೊಡಬೇಡಿ, ಅಟ್ಟದಲ್ಲಿ ಬಚ್ಚಿಡಿ' ಅಂತ. ಇದು ತಪ್ಪು. ಬಚ್ಚಿಡಿ ಅನ್ನುವುದಂತೂ ಅಪಾಯದ ಮಾತು.

ಚುನಾವಣೆ ಹೊತ್ತಿಗೆ ಪೊಲೀಸ್ ಸ್ಟೇಷನ್ನಿನಲ್ಲಿ ಕೋವಿ ಠೇವಣಿ ಇಡುವುದು ಅಂದರೆ ಜಪ್ತಿ ಅಲ್ಲ. ಕೋವಿ ಕೊಟ್ಟಾಗ ರಶೀದಿ ಕೊಡುತ್ತಾರೆ, ಚುನಾವಣೆ ಮುಗಿದ ಮೇಲೆ ಅದನ್ನು ತೋರಿಸಿ ಬಿಡಿಸಿಕೊಳ್ಳಬಹುದು. ಆ ಚೀಟಿ ಜೋಪಾನ. ಹಂದಿ, ಮಂಗನ ಕಾಟ ಜಾಸ್ತಿ ಇದ್ದು ಕೋವಿ ಬೇಕೇ ಬೇಕು ಅನ್ನುವವರು ವಿನಾಯಿತಿಗೆ ಅರ್ಜಿ ಕೊಡಬಹುದು. ಜಿಲ್ಲಾ ಮಟ್ಟದ ಪರಿಶೀಲನಾ ಸಮಿತಿ ಅದನ್ನು ನೋಡುತ್ತದೆ. ಠೇವಣಿ ಇಡಿ ಎಂಬ ಆದೇಶ ಬಂದ ಮೇಲೂ ಸುಮ್ನೆ ಮನೆಯಲ್ಲಿಟ್ಟುಕೊಂಡರೆ ಲೈಸೆನ್ಸಿಗೇ ಕುತ್ತು.

ಅಟ್ಟದ ವಿಷಯವೇ ನನಗೆ ಹೆಚ್ಚು ಹೆದರಿಕೆ. ನಮ್ಮ ಕಡೆ ಕೋವಿ ಬಾಗಿಲ ಹಿಂದೆ, ಹಾಳೆಟೊಪ್ಪಿಯ ಪಕ್ಕದ ಮೊಳೆಯಲ್ಲಿ ನೇತಾಡುವುದುಂಟು. ಕೆಲವೊಮ್ಮೆ ತೋಟೆ (ಗುಂಡು) ಒಳಗೇ ಇರುತ್ತದೆ. ರಜೆಗೆ ಬಂದ ಮೊಮ್ಮಕ್ಕಳ ಕೈಗೆ ಅದು ಎಟುಕುತ್ತದೆ ಅಲ್ವಾ? ತೋಟದಿಂದ ಬಂದ ಕೂಡಲೇ ತೋಟೆ ತೆಗೆಯಿರಿ, ನಳಿಗೆ ಖಾಲಿ ಇದೆಯೇ ಎಂದು ಕಣ್ಣಾರೆ ನೋಡಿ. ಕೋವಿ ಒಂದು ಬೀಗದೊಳಗೆ, ತೋಟೆ ಇನ್ನೊಂದರಲ್ಲಿ. ಬೀಗದ ಕೈ ನಿಮ್ಮ ಹತ್ತಿರವೇ ಇರಲಿ.

'ಕೊಡಗಿನವರಿಗೆ ಲೈಸೆನ್ಸ್ ಬೇಡ, ನಮಗೂ ಬೇಡ' ಎಂಬುದೂ ಅದೇ ಸಂದೇಶದಲ್ಲಿದೆ. ಅಲ್ಲಿನ ವಿನಾಯಿತಿ ಕೊಡವರಿಗೆ ಮತ್ತು ಜಮ್ಮಾ (ಕೊಡಗಿನ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೆ ಮಾತ್ರ. ಉಡುಪಿಯ ಕೃಷಿಕರಿಗೆ 1959ರ ಆಯುಧ ಕಾಯ್ದೆ ಪ್ರಕಾರ ಲೈಸೆನ್ಸ್ ಬೇಕು.